ಹಾಸನದ ಕೌಂಟರಿನಲ್ಲಿ 120, ಮೊಬೈಲಿನಲ್ಲಿ 65: ನಡುವಿನ ದುಡ್ಡು ಎಲ್ಲಿಗೆ ಹೋಗುತ್ತದೆ?

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯ ಹೊಸ ದರಗಳು ಜಾರಿಗೆ ಬಂದಾಗ ‘ಎಲೆಕ್ಟ್ರಾನಿಕ್ಸ್ ಅಗ್ಗ’ ಎಂಬ ಸುದ್ದಿ ಎಲ್ಲೆಡೆ ಹರಡಿತು. ಎಸಿ, 32 ಇಂಚಿಗಿಂತ ದೊಡ್ಡ ಟಿವಿ, ಕಂಪ್ಯೂಟರ್ ಮಾನಿಟರ್‌ಗಳ ಮೇಲಿನ ತೆರಿಗೆ ಶೇ 28ರಿಂದ ಶೇ 18ಕ್ಕೆ ಇಳಿದದ್ದು ನಿಜ. ಆದರೆ ಹಾಸನದಲ್ಲಿ ಫ್ಯಾನಿಗೆ ಕೆಪಾಸಿಟರ್ ಹುಡುಕಿಕೊಂಡು ಹೋದ ಮನೆಯವರಿಗಾಗಲಿ, ಪ್ರಾಜೆಕ್ಟಿಗೆ ಸೆನ್ಸರ್ ಕೇಳಿಕೊಂಡು ಹೋದ ಸಾಲಗಾಮೆ ರಸ್ತೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಲಿ ಆ ಅಗ್ಗದ ಸುಳಿವೇ ಸಿಗಲಿಲ್ಲ. ಕೌಂಟರಿನ ಮುಂದೆ ನಿಂತೇ ಮೊಬೈಲ್ ತೆಗೆದು ನೋಡಿದರೆ ಅದೇ ಸಾಮಾನು ಹತ್ತಿರ ಹತ್ತಿರ ಅರ್ಧ ಬೆಲೆಗೆ. ಹಾಗಾದರೆ ಇಳಿದ ತೆರಿಗೆಯನ್ನು ಅಂಗಡಿಯವರೇ ನುಂಗಿಕೊಂಡರೇ ಎಂಬ ಅನುಮಾನ ಸಹಜ.

ಅನುಮಾನ ಸಹಜವೇ ಹೊರತು ಸರಿಯಲ್ಲ. ಬೆಲೆ ಹೆಚ್ಚಿರುವುದಕ್ಕೆ ಕಾರಣಗಳು ಬೇರೆಯೇ ಇವೆ. ಅವುಗಳಲ್ಲಿ ಕೆಲವು ನ್ಯಾಯವಾದವು, ಕೆಲವು ಅಲ್ಲ.

ತೆರಿಗೆ ಇಳಿದದ್ದು ಎಸಿ-ಟಿವಿಗೆ

ರೆಸಿಸ್ಟರ್, ಕೆಪಾಸಿಟರ್, ಟ್ರಾನ್ಸಿಸ್ಟರ್, ಐಸಿ (ಚಿಪ್) ಮುಂತಾದ ಸರ್ಕೀಟಿನ ಬಿಡಿಭಾಗಗಳೆಲ್ಲ ಸೆಪ್ಟೆಂಬರ್ 22ಕ್ಕೆ ಮೊದಲೂ ಶೇ 18ರ ಪಟ್ಟಿಯಲ್ಲಿದ್ದವು, ಈಗಲೂ ಅಲ್ಲೇ ಇವೆ. ಇಳಿಯದ ತೆರಿಗೆಯ ಲಾಭವನ್ನು ಗ್ರಾಹಕರಿಗೆ ದಾಟಿಸುವ ಪ್ರಶ್ನೆಯೇ ಬರುವುದಿಲ್ಲ. ಆಮದು ಸುಂಕದ ಕತೆಯೂ ಅಂಗಡಿಯವರು, ಆನ್‌ಲೈನಿನವರು ಇಬ್ಬರಿಗೂ ಒಂದೇ. ಎಲೆಕ್ಟ್ರಾನಿಕ್ ಸರಕುಗಳ ಸುಂಕ ತೆಗೆಯುವ ಅಂತರರಾಷ್ಟ್ರೀಯ ‘ಮಾಹಿತಿ ತಂತ್ರಜ್ಞಾನ ಒಪ್ಪಂದ’ಕ್ಕೆ ಭಾರತ 1997ರಲ್ಲಿ ಸೇರಿದ್ದರಿಂದ ಐಸಿ, ಟ್ರಾನ್ಸಿಸ್ಟರ್, ಕೆಪಾಸಿಟರ್, ರೆಸಿಸ್ಟರ್‌ಗಳ ಮೇಲೆ ಮೂಲ ಆಮದು ಸುಂಕ ಇಲ್ಲ. ಗಡಿಯಲ್ಲಿ ಕಟ್ಟಬೇಕಾದದ್ದು ಮುಖ್ಯವಾಗಿ ಶೇ 18ರ ಐಜಿಎಸ್‌ಟಿ, ಅಂದರೆ ಆಮದಿನ ಮೇಲಿನ ಜಿಎಸ್‌ಟಿ. ಆನ್‌ಲೈನ್ ಮಾರಾಟಗಾರ ತರಿಸಿದರೂ, ಬೆಂಗಳೂರಿನ ಎಸ್‌.ಪಿ. ರೋಡಿನ ಸಗಟು ವ್ಯಾಪಾರಿ ತರಿಸಿದರೂ ದರ ಬದಲಾಗದು.

ಇಲ್ಲಿ ಗ್ರಾಹಕರು ಗಮನಿಸಬೇಕಾದ ಸಂಗತಿಗಳು ಎರಡು. ಬಿಡಿಭಾಗ ಮಾರುವ ಕೆಲವು ಜಾಲತಾಣಗಳು ಮೊದಲ ಪುಟದಲ್ಲಿ ತೋರಿಸುವುದು ತೆರಿಗೆ ಸೇರಿಸದ ಬೆಲೆ. ಜಿಎಸ್‌ಟಿ ಮತ್ತು ಕೊರಿಯರ್ ವೆಚ್ಚ ಕೊನೆಯ ಪುಟದಲ್ಲಿ ಸೇರುತ್ತವೆ. ಅಂಗಡಿಯವರು ಬಾಯಲ್ಲಿ ಹೇಳುವುದು ಎಲ್ಲ ಸೇರಿದ ಬೆಲೆ. ಇವೆರಡನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಇನ್ನೊಂದು, ‘ಜಿಎಸ್‌ಟಿ ಬೀಳುತ್ತೆ ಸಾರ್, ಅದಕ್ಕೇ ಜಾಸ್ತಿ’ ಎಂಬ ಸಮಜಾಯಿಷಿ. ವರ್ಷಕ್ಕೆ 1.5 ಕೋಟಿ ರೂಪಾಯಿವರೆಗೆ ವಹಿವಾಟಿರುವ ವ್ಯಾಪಾರಿಗಳಿಗೆ ಕಾಂಪೋಸಿಷನ್ ಯೋಜನೆ ಇದೆ. ಅದನ್ನು ಆಯ್ದುಕೊಂಡವರು ವಹಿವಾಟಿನ ಶೇ 1ರಷ್ಟನ್ನು ತಮ್ಮ ಕೈಯಿಂದ ಕಟ್ಟಬೇಕು, ಗ್ರಾಹಕರಿಂದ ಜಿಎಸ್‌ಟಿ ಎಂದು ಒಂದು ಪೈಸೆಯನ್ನೂ ಪಡೆಯುವಂತಿಲ್ಲ. ತಾವು ಕೊಳ್ಳುವಾಗ ಕಟ್ಟಿದ ಶೇ 18 ಅವರಿಗೆ ವಾಪಸು ಬರುವುದಿಲ್ಲ, ಅದು ಅಸಲಿಗೇ ಸೇರಿಕೊಳ್ಳುತ್ತದೆ. ಹಾಗಿದ್ದರೂ ಲಾಭದ ಭಾಗದ ಮೇಲೆ ಶೇ 18 ಕಟ್ಟುವ ಗೋಜಿಲ್ಲದ್ದರಿಂದ ಒಟ್ಟಾರೆ ಅವರಿಗೆ ನಷ್ಟವೇನಿಲ್ಲ. ಕಾಂಪೋಸಿಷನ್ ಅಂಗಡಿಯಲ್ಲಿ ‘ಜಿಎಸ್‌ಟಿ ಸೇರಿಸಿ ಇಷ್ಟು’ ಎಂದರೆ ಅದು ತಪ್ಪು. ಇದರಿಂದ ನಿಜಕ್ಕೂ ತೊಂದರೆಯಾಗುವುದು ಜಿಎಸ್‌ಟಿ ನಂಬರ್ ಇರುವ ಸಣ್ಣ ಕಾರ್ಖಾನೆಗಳಿಗೆ. ಅಂಥ ಅಂಗಡಿಯ ಬಿಲ್ಲಿನ ಮೇಲೆ ಅವು ತೆರಿಗೆ ಜಮೆ (ಕೊಳ್ಳುವಾಗ ಕೊಟ್ಟ ಜಿಎಸ್‌ಟಿಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ಪಡೆಯಲಾರವು, ಆನ್‌ಲೈನ್ ಬಿಲ್ಲಿನ ಮೇಲೆ ಪಡೆಯಬಹುದು. ಅವುಗಳ ಖರೀದಿ ಅಂಗಡಿಯಿಂದ ಜಾರಿಹೋಗಲು ಇದೊಂದೇ ಕಾರಣ ಸಾಕು.

ಶೆನ್‌ಜೆನ್‌ನಿಂದ ಬಿ.ಎಂ. ರಸ್ತೆಗೆ

ಈ ಸಾಮಾನಿನಲ್ಲಿ ಬಹುಪಾಲು ಹುಟ್ಟುವುದು ಚೀನಾದಲ್ಲಿ, ಶೆನ್‌ಜೆನ್‌ನಂಥ ಊರುಗಳಲ್ಲಿ. ಅಲ್ಲಿಂದ ದೆಹಲಿ, ಮುಂಬೈ ಅಥವಾ ಚೆನ್ನೈಯ ಆಮದುದಾರರಿಗೆ, ಅವರಿಂದ ಎಸ್‌.ಪಿ. ರೋಡಿನ ಸಗಟು ಅಂಗಡಿಗೆ, ಅಲ್ಲಿಂದ ಬಸ್ ಪಾರ್ಸೆಲ್‌ನಲ್ಲೋ ಅಂಗಡಿಯವರ ಬ್ಯಾಗಿನಲ್ಲೋ 185 ಕಿಲೋಮೀಟರ್ ದಾಟಿ ಹಾಸನದ ಬಿ.ಎಂ. ರಸ್ತೆಗೆ ಬರುತ್ತದೆ. ಪ್ರತಿ ಕೈ ಬದಲಾದಾಗಲೂ ಒಂದಿಷ್ಟು ಸೇರುತ್ತದೆ. ದೊಡ್ಡ ಆನ್‌ಲೈನ್ ಮಾರಾಟಗಾರರು ನೇರವಾಗಿ ಸಾವಿರಗಟ್ಟಲೆ ತರಿಸಿ, ಊರಾಚೆಯ ಗೋದಾಮಿನಲ್ಲಿಟ್ಟು, ಅಲ್ಲಿಂದಲೇ ಮನೆಗೆ ಕಳಿಸುತ್ತಾರೆ. ನಡುವಿನ ಎರಡು ಕೈ ತಪ್ಪುತ್ತವೆ.

ಉದಾಹರಣೆಗೆಂದು ದೂರ ಅಳೆಯುವ ಒಂದು ಅಲ್ಟ್ರಾಸಾನಿಕ್ ಸೆನ್ಸರ್ ತೆಗೆದುಕೊಳ್ಳಿ. ಅಂಕಿಗಳು ಲೆಕ್ಕ ತೋರಿಸಲಷ್ಟೇ. ತೆರಿಗೆ ಬಿಟ್ಟು ಅದು 50 ರೂಪಾಯಿಗೆ ದೇಶದೊಳಗೆ ಬಂತೆನ್ನಿ. ಆನ್‌ಲೈನ್ ಮಾರಾಟಗಾರ 15 ರೂಪಾಯಿ ಇಟ್ಟುಕೊಂಡು 65ಕ್ಕೆ ಹಾಕುತ್ತಾನೆ, ಜಿಎಸ್‌ಟಿ ಸೇರಿ 76 ರೂಪಾಯಿ 70 ಪೈಸೆ. ಹಾಸನದ ಅಂಗಡಿಗೆ ಅದೇ ಸೆನ್ಸರ್ ಎಸ್‌.ಪಿ. ರೋಡಿನಲ್ಲಿ ಸಿಗುವುದೇ 65ಕ್ಕೆ. ಆನ್‌ಲೈನಿನ ಮಾರಾಟ ಬೆಲೆಯೇ ಅಂಗಡಿಯ ಅಸಲು. ಅಂಗಡಿಯವರು ಎಲ್ಲ ಸೇರಿಸಿ 120ಕ್ಕೆ ಮಾರಿದರೆ, ಜಿಎಸ್‌ಟಿ ಕಟ್ಟಿದ ಮೇಲೆ ಅವರ ಕೈಯಲ್ಲಿ ಉಳಿಯುವುದು 37 ರೂಪಾಯಿಗಿಂತ ಸ್ವಲ್ಪ ಕಡಿಮೆ. ಬಸ್ ಪಾರ್ಸೆಲ್, ಬಾಡಿಗೆ, ಕರೆಂಟು, ಹುಡುಗನ ಸಂಬಳ ಅದರಲ್ಲೇ ಆಗಬೇಕು.

ಈಗ ಕೊಳ್ಳುವವರ ಕಡೆಯಿಂದ ನೋಡೋಣ. ಕೊರಿಯರ್‌ಗೆ 60 ರೂಪಾಯಿ ಎಂದಿಟ್ಟುಕೊಂಡರೆ ಒಂದೇ ಸೆನ್ಸರ್ ಆನ್‌ಲೈನಿನಲ್ಲಿ 137 ರೂಪಾಯಿ ಬೀಳುತ್ತದೆ. ಅಂಗಡಿಯೇ 17 ರೂಪಾಯಿ ಅಗ್ಗ. ಎರಡು ಕೊಂಡರೆ ಆನ್‌ಲೈನ್ 213, ಅಂಗಡಿ 240. ಹತ್ತಾದರೆ 827 ಎದುರು 1,200. ‘ಅಂಗಡಿ ದುಬಾರಿ’ ಎಂಬ ಮಾತು ಎರಡನೇ ಸೆನ್ಸರಿನಿಂದ ನಿಜವಾಗುತ್ತ ಹೋಗುತ್ತದೆ. ಇಂತಿಷ್ಟು ಮೊತ್ತ ದಾಟಿದರೆ ಕೊರಿಯರ್ ಉಚಿತ ಎಂಬ ಆಮಿಷ ಇರುವುದೂ ಇದಕ್ಕೇ. ಒಂದು ಬೇಕಾದವರು ನಾಲ್ಕು ಸಾಮಾನು ಹಾಕಿಕೊಳ್ಳಲಿ ಎಂದು.

ಡ್ರಾಯರಿನ ಬಾಡಿಗೆ

ಬೆಲೆಯ ವ್ಯತ್ಯಾಸ ಎಲ್ಲಕ್ಕಿಂತ ಅತಿರೇಕವಾಗಿ ಕಾಣುವುದು ಎಲ್ಲಕ್ಕಿಂತ ಸಣ್ಣ ಸಾಮಾನಿನಲ್ಲಿ. ಕಾಲು ವಾಟ್ ರೆಸಿಸ್ಟರ್ ನೂರರ ಕಟ್ಟು ಕೊಂಡರೆ ಒಂದಕ್ಕೆ 50 ಪೈಸೆಯೂ ಬೀಳದು. ಅಂಗಡಿಯಲ್ಲಿ ಬಿಡಿಯಾಗಿ 2 ರೂಪಾಯಿ. ಶೇಕಡಾವಾರು ನೋಡಿದರೆ ಹಗಲುದರೋಡೆ.

ಆದರೆ ಆ 2 ರೂಪಾಯಿಯ ವ್ಯಾಪಾರ ಹೇಗೆ ನಡೆಯುತ್ತದೆ? ರಿಪೇರಿಯವರು ಬಂದು ‘ಫೋರ್ ಪಾಯಿಂಟ್ ಸೆವೆನ್ ಕೆ ಎರಡು, ಟೆನ್ ಕೆ ನಾಲ್ಕು, ಬಿಸಿ ಫೈವ್ ಫಾರ್ಟಿ ಸೆವೆನ್ ಒಂದು’ ಎನ್ನುತ್ತಾರೆ. ಮೊದಲೆರಡು ರೆಸಿಸ್ಟರಿನ ಅಳತೆ, ಕೊನೆಯದು ಒಂದು ಟ್ರಾನ್ಸಿಸ್ಟರ್. ಗೋಡೆಯುದ್ದಕ್ಕೂ ಬೆಂಕಿಪೊಟ್ಟಣದಷ್ಟೇ ದೊಡ್ಡ ಪ್ಲಾಸ್ಟಿಕ್ ಡ್ರಾಯರುಗಳು. ಮೂರು ಡ್ರಾಯರ್ ಎಳೆಯಬೇಕು, ರೆಸಿಸ್ಟರಿನ ಮೈಮೇಲೆ ಅಳತೆ ಸೂಚಿಸುವ ಹಳದಿ-ನೇರಳೆ-ಕೆಂಪು ಪಟ್ಟೆಗಳು ಸರಿಯಿವೆಯೇ ನೋಡಬೇಕು, ಅನುಮಾನ ಬಂದರೆ ಮಲ್ಟಿಮೀಟರ್ ಹಚ್ಚಬೇಕು, ಎಣಿಸಿ ಸಣ್ಣ ಕವರಿಗೆ ಹಾಕಿ ಮೇಲೆ ಬರೆಯಬೇಕು. ಐದು ನಿಮಿಷದ ಕೆಲಸಕ್ಕೆ ಗಲ್ಲಾಕ್ಕೆ ಬೀಳುವುದು 15-20 ರೂಪಾಯಿ. ಸಾಮಾನಿನ ಬೆಲೆ ಇಲ್ಲಿ ನೆಪಕ್ಕೆ ಮಾತ್ರ, ಗ್ರಾಹಕ ಕೊಡುವ ದುಡ್ಡೆಲ್ಲ ಹುಡುಕಿ ಕೊಟ್ಟದ್ದಕ್ಕೆ. ಇದೇ ಕಾರಣಕ್ಕೆ ಆನ್‌ಲೈನ್ ಮಾರಾಟಗಾರರು ರೆಸಿಸ್ಟರನ್ನು ಒಂದೊಂದಾಗಿ ಕೊಡಲು ಹೋಗುವುದು ಕಡಿಮೆ, ಹತ್ತರ, ಐವತ್ತರ, ನೂರರ ಕಟ್ಟು ಕಟ್ಟುತ್ತಾರೆ. ಬೇಕಾದದ್ದು ಎರಡೇ ಆಗಿದ್ದರೆ ಮಿಕ್ಕ ತೊಂಬತ್ತೆಂಟರ ದಾಸ್ತಾನು ಕೊಂಡವರ ಮನೆಗೆ ವರ್ಗವಾಯಿತು, ಅಷ್ಟೇ.

ದಾಸ್ತಾನಿನದೇ ದೊಡ್ಡ ಸಮಸ್ಯೆ. ದಿನಸಿ ಅಂಗಡಿಯ ಅಕ್ಕಿ ವಾರದಲ್ಲಿ ಖಾಲಿಯಾಗುತ್ತದೆ. ಇಲ್ಲಿ ಯಾವ ಐಸಿಯನ್ನು ಯಾರು ಯಾವಾಗ ಕೇಳುತ್ತಾರೆಂದು ಹೇಳಲಾಗದು. 100 ರೂಪಾಯಿಯ ಒಂದು ಆಂಪ್ಲಿಫೈಯರ್ ಐಸಿ ಮೂರು ವರ್ಷ ಡ್ರಾಯರಿನಲ್ಲಿ ಕೂತರೆ, ವರ್ಷಕ್ಕೆ ಶೇ 12ರ ಬಡ್ಡಿಯ ಲೆಕ್ಕದಲ್ಲಿ 36 ರೂಪಾಯಿ ಅಲ್ಲಿಗೇ ಹೋಯಿತು. ಮೂರು ವರ್ಷದ ನಂತರವೂ ಕೇಳುವವರು ಬರದಿದ್ದರೆ ಪೂರ್ತಿ ನೂರೂ ಹೋಯಿತು. ಡಬ್ಬಾ ಟಿವಿಗಳ ಕಾಲದಲ್ಲಿ ಪಿಕ್ಚರ್ ಟ್ಯೂಬಿಗೆ ಹೈವೋಲ್ಟೇಜ್ ಕೊಡುವ ಇಎಚ್‌ಟಿ ಟ್ರಾನ್ಸ್‌ಫಾರ್ಮರ್‌ಗಳು ಅಂಗಡಿಗಳಿಗೆ ಅನ್ನ ಹಾಕಿದ ಸಾಮಾನು. ಎಲ್‌ಇಡಿ ಟಿವಿ ಬಂದ ಕೆಲವೇ ವರ್ಷಗಳಲ್ಲಿ ಅವು ಗುಜರಿಗೂ ಬೇಡವಾದವು. ಆ ನಷ್ಟ ಇವತ್ತಿಗೆ ಮಾರಾಟವಾಗುವ ಸಾಮಾನಿನ ಮೇಲೆಯೇ ಬೀಳುತ್ತದೆ.

ಮಲೆನಾಡಿನ ಅಂಚಿನ ಜಿಲ್ಲೆಯಲ್ಲಿ ಇದಕ್ಕೆ ಥಂಡಿಯೂ ಸೇರಿಕೊಳ್ಳುತ್ತದೆ. ಸಕಲೇಶಪುರದ ಕಡೆಯ ಮಳೆಗಾಲದಲ್ಲಿ ತೆರೆದಿಟ್ಟ ಐಸಿಯ ಕಾಲು, ಟ್ರಾನ್ಸಿಸ್ಟರಿನ ಕಾಲು ಕಪ್ಪಗಾಗಿ ಬೆಸುಗೆ ಹಿಡಿಯದಂತಾಗುತ್ತದೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರಂತೂ ಬಳಸದೆ ಇಟ್ಟರೂ ಒಳಗಿನ ಆಕ್ಸೈಡ್ ಪದರ ಸವೆದು ದುರ್ಬಲವಾಗುವ ವಸ್ತು. ಮಾರಾಟವಾಗದೆ ಉಳಿದದ್ದು ಹಳತಾಗುತ್ತದೆ, ಹಳತನ್ನು ಕೊಂಡವರು ಮತ್ತೆ ಆ ಅಂಗಡಿಗೆ ಬರುವುದಿಲ್ಲ.

ವಿದ್ಯಾರ್ಥಿಗಳ ಬೇಡಿಕೆಯನ್ನು ಊಹಿಸುವುದು ಇನ್ನೂ ಕಷ್ಟ. ಪ್ರೋಗ್ರಾಂ ಬರೆದು ನಡೆಸುವ ಸಣ್ಣ ಬೋರ್ಡುಗಳಲ್ಲಿ ಒಂದು ಬ್ಯಾಚಿನವರು ಆರ್ಡುಯಿನೊ ಕೇಳುತ್ತಾರೆ, ಅವರ ಜೂನಿಯರುಗಳು ಇಎಸ್‌ಪಿ32 ಕೇಳುತ್ತಾರೆ. ಪ್ರಾಜೆಕ್ಟ್ ಸಲ್ಲಿಸುವ ಎರಡು ತಿಂಗಳು ನೂಕುನುಗ್ಗಲು, ಆಮೇಲೆ ವಿಚಾರಿಸುವವರೇ ಇಲ್ಲ.

ಭಾರ ಹೆಚ್ಚಿದಂತೆ ಲೆಕ್ಕ ಉಲ್ಟಾ

ಅಂಗಡಿ ಎಲ್ಲದಕ್ಕೂ ದುಬಾರಿ ಎಂಬುದೂ ಸುಳ್ಳು. 12-0-12 ವೋಲ್ಟಿನ 5 ಆಂಪಿಯರ್ ಟ್ರಾನ್ಸ್‌ಫಾರ್ಮರ್ ಒಂದು ಕೆಜಿ ದಾಟುತ್ತದೆ. ಕೊರಿಯರಿನವರು ತೂಕ ಮಾತ್ರವಲ್ಲ, ಗಾತ್ರವನ್ನೂ ಅಳೆಯುತ್ತಾರೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುವುದು ರೂಢಿ. 30-25-15ರ ಒಂದು ಖಾಲಿ ಕ್ಯಾಬಿನೆಟ್ ಅರ್ಧ ಕೆಜಿ ತೂಗಿದರೂ 2.25 ಕೆಜಿಯ ದುಡ್ಡು ಕೊಡಬೇಕು. 150 ಎಎಚ್ (ಆಂಪಿಯರ್-ಅವರ್) ಸಾಮರ್ಥ್ಯದ ಇನ್ವರ್ಟರ್ ಬ್ಯಾಟರಿ 50 ಕೆಜಿ ಮೀರುತ್ತದೆ. ಲಿಥಿಯಂ ಸೆಲ್ಲುಗಳನ್ನು ವಿಮಾನದಲ್ಲಿ ಸಾಗಿಸಲು ನಿರ್ಬಂಧಗಳಿರುವುದರಿಂದ ಸಾಮಾನ್ಯವಾಗಿ ರಸ್ತೆಯಲ್ಲೇ ಬರಬೇಕು, ನಿಧಾನ. ಟ್ರಾನ್ಸ್‌ಫಾರ್ಮರ್, ಬ್ಯಾಟರಿ, ಕ್ಯಾಬಿನೆಟ್, ಮೀಟರ್ ಲೆಕ್ಕದ ವೈರು, ಇವಕ್ಕೆ ಊರಿನ ಅಂಗಡಿಯೇ ಅನುಕೂಲ. ಪಾರ್ಟ್ಸ್ ಅಂಗಡಿ ನಡೆಸುವವರು ಸಿಸಿಟಿವಿ, ಯುಪಿಎಸ್, ಇನ್ವರ್ಟರ್ ಕಡೆಗೆ ವಾಲಲು ಇದೂ ಒಂದು ಕಾರಣ.

ಇಬ್ಬರ ವಾದದಲ್ಲೂ ಒಂದೊಂದು ತೂತು

ಅಂಗಡಿಯವರ ಸಾಮಾನ್ಯ ದೂರು, ಆನ್‌ಲೈನ್ ಕಂಪನಿಗಳು ನಷ್ಟಕ್ಕೆ ಮಾರಿ ನಮ್ಮನ್ನು ಮುಳುಗಿಸುತ್ತಿವೆ ಎಂಬುದು. ಇದಕ್ಕೆ ಹಿನ್ನೆಲೆ ಇದೆ. ದೆಹಲಿಯ ವ್ಯಾಪಾರಿಗಳ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2020ರ ಜನವರಿಯಲ್ಲಿ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ವಿರುದ್ಧ ತನಿಖೆಗೆ ಆದೇಶಿಸಿತು, ಅದನ್ನು ಪ್ರಶ್ನಿಸಿದ ಅರ್ಜಿಗಳನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ವಜಾ ಮಾಡಿತು. ಆದರೆ ಆ ಜಗಳದ ಕೇಂದ್ರದಲ್ಲಿದ್ದದ್ದು ಸ್ಮಾರ್ಟ್‌ಫೋನ್, ಭಾರಿ ರಿಯಾಯಿತಿ, ಆಯ್ದ ಮಾರಾಟಗಾರರಿಗೆ ಕೊಡುವ ಆದ್ಯತೆ. ರೆಸಿಸ್ಟರ್-ಸೆನ್ಸರ್ ಮಾರುವ ತಾಣಗಳಲ್ಲಿ ಹೆಚ್ಚಿನವು ತಾವೇ ದಾಸ್ತಾನಿಟ್ಟು ಮಾರುವ ಸಾಧಾರಣ ಗಾತ್ರದ ಕಂಪನಿಗಳು. ಅವುಗಳ ಕಡಿಮೆ ಬೆಲೆಗೆ ನಷ್ಟದ ಮಾರಾಟ ಎಂಬ ವಿವರಣೆ ಬೇಕಾಗಿಲ್ಲ, ನೇರ ಆಮದು ಮತ್ತು ದೇಶವಿಡೀ ಹರಡಿದ ಗಿರಾಕಿಗಳು ಸಾಕು. ಹಾಸನದಲ್ಲಿ ವರ್ಷಕ್ಕೆ ಮೂರು ಮಂದಿ ಕೇಳುವ ಐಸಿಯನ್ನು ದೇಶದಾದ್ಯಂತ ದಿನಕ್ಕೆ ಮೂವತ್ತು ಮಂದಿ ಕೇಳಬಹುದು. ಅವರ ಡ್ರಾಯರಿನಲ್ಲಿ ಅದು ಹಳತಾಗುವುದಿಲ್ಲ.

ಗ್ರಾಹಕರ ‘ಲೂಟಿ’ ಎಂಬ ಮಾತಿನಲ್ಲಿ ಡ್ರಾಯರಿನ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಆದರೂ ಒಂದು ಕಡೆ ಅದು ಪೂರ್ತಿ ಸರಿ. ಆರ್ಡುಯಿನೊ ಬೋರ್ಡಿನ ವಿನ್ಯಾಸ ಎಲ್ಲರಿಗೂ ಮುಕ್ತ, ಹೆಸರು ಮತ್ತು ಲಾಂಛನ ಕದಿಯದೆ ಯಾರು ಬೇಕಾದರೂ ತಯಾರಿಸಬಹುದು. ಇಟಲಿ ಮೂಲದ ಕಂಪನಿಯ ಅಸಲಿ ಊನೊ ಬೋರ್ಡಿಗೆ ಚೀನಾದ ನಕಲಿನ ಹಲವು ಪಟ್ಟು ಬೆಲೆ. ನಕಲು ತರಿಸಿ, ನಕಲೆಂದೇ ಹೇಳಿ ಮಾರಿದರೆ ತಪ್ಪಿಲ್ಲ. ‘ಒರಿಜಿನಲ್’ ಎಂದು ಹೇಳಿ ಎರಡು-ಮೂರು ಪಟ್ಟು ಕೀಳುವುದು ಮೋಸ. ಯುಎಸ್‌ಬಿ ತೂತಿನ ಪಕ್ಕದ ಚಿಪ್ಪಿನ ಮೇಲೆ ಸಿಎಚ್340 ಎಂದಿದ್ದರೆ ಅದು ಅಸಲಿ ಊನೊ ಆರ್3 ಅಲ್ಲ, ಅಸಲಿಯಲ್ಲಿ ಯುಎಸ್‌ಬಿ ಸಂಪರ್ಕ ನೋಡಿಕೊಳ್ಳುವುದು ಎಟಿಮೆಗಾ16ಯು2 ಎಂಬ ಚಿಪ್. ಹಾಗೆಯೇ ಬಿಡಿ ಸಾಮಾನಿನ ಮೇಲೆ ಎಂಆರ್‌ಪಿ ಮುದ್ರಿಸಿರುವುದಿಲ್ಲ, ಹೇಳಿದ್ದೇ ಬೆಲೆ. ಹುಡುಗರ ಮುಖ ನೋಡಿ ಒಂದು ದರ, ಪರಿಚಯದ ಮೆಕ್ಯಾನಿಕ್‌ಗೆ ಇನ್ನೊಂದು ದರ ಹೇಳಲು ಇದರಿಂದ ದಾರಿಯಾಗುತ್ತದೆ. ಮೆಕ್ಯಾನಿಕ್‌ಗಳಿಗೆ ಲೆಕ್ಕಕ್ಕೆ ಬರೆಸಿ ಒಯ್ಯುವ ಸೌಲಭ್ಯವೂ ಉಂಟು, ಆ ಸಾಲದ ಬಡ್ಡಿಯಲ್ಲಿ ಒಂದು ಪಾಲನ್ನು ನಗದು ಕೊಡುವ ವಿದ್ಯಾರ್ಥಿ ತನಗೆ ಗೊತ್ತಿಲ್ಲದೆ ಕಟ್ಟುತ್ತಿರುತ್ತಾನೆ.

ಸುಟ್ಟ ಐಸಿಯನ್ನು ವಾಪಸು ತೆಗೆದುಕೊಳ್ಳದಿರುವ ವಿಷಯದಲ್ಲಿ ಮಾತ್ರ ಅಂಗಡಿಯವರ ಪರ ನಿಲ್ಲಬೇಕಾಗುತ್ತದೆ. ಐಸಿ ಮೊದಲೇ ಕೆಟ್ಟಿತ್ತೋ, ಗಿರಾಕಿಯ ಸರ್ಕೀಟಿನಲ್ಲಿ ಸುಟ್ಟಿತೋ ಕೌಂಟರಿನಲ್ಲಿ ನಿಂತು ಪತ್ತೆ ಹಚ್ಚುವುದು ಆಗದ ಮಾತು.

ಯುಪಿಐ ನೋಟಿಸಿನ ಬಿಸಿ

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟದ್ದು ನೆನಪಿರಬಹುದು. ಸರಕು ಮಾರುವವರು ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ದಿನಕ್ಕೆ ಸುಮಾರು 11 ಸಾವಿರ ಎಂದಾಯಿತು. ರೆಸಿಸ್ಟರ್ ಮಾರಿ ಅಲ್ಲಿಗೆ ಮುಟ್ಟಲಾಗದು, ಬ್ಯಾಟರಿ ಇಟ್ಟರೆ ಸುಲಭವಾಗಿ ದಾಟುತ್ತದೆ. ಮುಖ್ಯಮಂತ್ರಿಗಳು ಹಳೆ ಬಾಕಿ ಕೇಳುವುದಿಲ್ಲ, ನೋಂದಣಿ ಮಾಡಿಸಿಕೊಳ್ಳಿ ಎಂದ ಮೇಲೆ ಗಲಾಟೆ ತಣ್ಣಗಾಯಿತು. ಆದರೆ ಈವರೆಗೆ ಬಿಲ್ಲಿಲ್ಲದೆ ಮಾರಿ ಉಳಿಸುತ್ತಿದ್ದ ತೆರಿಗೆಯೇ ಕೆಲವು ಅಂಗಡಿಗಳು ಆನ್‌ಲೈನ್ ಬೆಲೆಗೆ ಸ್ಪರ್ಧೆ ಕೊಡಲು ಇದ್ದ ಒಂದೇ ದಾರಿಯಾಗಿತ್ತು. ಲೆಕ್ಕ ಬೆಳಕಿಗೆ ಬಂದಷ್ಟೂ ಅಂಥ ಅಂಗಡಿಗಳ ಬೆಲೆ ಏರುತ್ತದೆ. ಅದಕ್ಕಾಗಿ ಮರುಗಬೇಕಾದದ್ದೇನಿಲ್ಲ, ನೋಂದಾಯಿತ ವ್ಯಾಪಾರಿ 200 ರೂಪಾಯಿ ಮೇಲ್ಪಟ್ಟ ಮಾರಾಟಕ್ಕೆ ಬಿಲ್ ಕೊಡಲೇಬೇಕು.

ಡ್ರಾಯರ್ ಖಾಲಿಯಾದರೆ ಯಾರಿಗೆ ನಷ್ಟ

ವಿದ್ಯಾರ್ಥಿಗಳಿಗಲ್ಲ. ಅವರಿಗೆ ಪ್ರಾಜೆಕ್ಟಿನ ಪಟ್ಟಿ ಮೊದಲೇ ಗೊತ್ತು, ನಾಲ್ಕು ದಿನ ಕಾಯಬಲ್ಲರು. ಆದರೆ ಹೆಚ್ಚು ಲಾಭ ಕೊಡುತ್ತಿದ್ದ ಬೋರ್ಡು-ಸೆನ್ಸರುಗಳ ವ್ಯಾಪಾರ ಅವರೊಂದಿಗೆ ಹೊರಟುಹೋದರೆ ಆ ಲಾಭದ ಬೆನ್ನ ಮೇಲೆ ನಿಂತಿದ್ದ ಸಣ್ಣ ಸಾಮಾನಿನ ಡ್ರಾಯರುಗಳನ್ನು ಉಳಿಸಿಕೊಳ್ಳುವುದು ಅಂಗಡಿಗೆ ಕಷ್ಟವಾಗುತ್ತದೆ. ಮೊದಲು ಅಪರೂಪದ ಐಸಿ ತರಿಸುವುದು ನಿಲ್ಲುತ್ತದೆ, ಆಮೇಲೆ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್), ಮಾಸ್ಫೆಟ್, ವಾರಿಸ್ಟರ್‌ನಂಥ ರಿಪೇರಿ ಸಾಮಾನು.

ಅದರ ಬಿಸಿ ತಟ್ಟುವುದು ರಿಪೇರಿಯವರಿಗೆ, ಅವರ ಮೂಲಕ ಊರಿಗೆ. ಏಪ್ರಿಲ್-ಮೇನಲ್ಲಿ ಗುಡುಗು ಸಿಡಿಲಿಗೆ ರೌಟರ್, ಅಡಾಪ್ಟರ್, ಟಿವಿ, ಪಂಪ್‌ಸೆಟ್ಟಿನ ಪ್ಯಾನಲ್ ಒಟ್ಟೊಟ್ಟಿಗೆ ಕೆಡುತ್ತವೆ. ಅದೇ ಹೊತ್ತಿಗೆ ಹಾಸನದ ಸುತ್ತಮುತ್ತ ಹೊಸದಾಗಿ ನೆಟ್ಟ ಶುಂಠಿಗೆ ನೀರು ತಪ್ಪುವಂತಿಲ್ಲ. ಪಂಪ್‌ಸೆಟ್ಟಿಗೆ ಬೇಕಾದ ತ್ರೀ ಫೇಸ್ ಕರೆಂಟು ಸಿಗುವುದೇ ದಿನಕ್ಕೆ ಏಳು ಗಂಟೆ. ಪ್ಯಾನಲ್ ಬೋರ್ಡಿನ ಒಂದು ರಿಲೇ ಹೋದರೆ, ಅಂಗಡಿಯಲ್ಲಿ ಅದು ಇದ್ದರೆ ದುಪ್ಪಟ್ಟು ಬೆಲೆ ಕೊಟ್ಟರೂ ಸಂಜೆಗೆ ಮೋಟರ್ ಓಡುತ್ತದೆ. ಇಲ್ಲದಿದ್ದರೆ ಅರಕಲಗೂಡಿನ ಹಳ್ಳಿಗೆ ಕೊರಿಯರ್ ಬರುವವರೆಗೆ ಕಾಯಬೇಕು, ಇಲ್ಲವೇ ಇಡೀ ಬೋರ್ಡನ್ನೇ ಬದಲಿಸಬೇಕು. ರೈತ ಕಾಯುವುದಿಲ್ಲ, ಬೋರ್ಡ್ ಬದಲಾಗುತ್ತದೆ, ಖರ್ಚು ಹತ್ತಾರು ಪಟ್ಟಾಗುತ್ತದೆ. ಬಿಡಿಭಾಗ ಸಿಗದ ಊರಿನಲ್ಲಿ ಬೆಸುಗೆ ಹಾಕಿ ರಿಪೇರಿ ಮಾಡುವ ಕಸುಬು ಬೋರ್ಡ್ ಬದಲಿಸುವ ಕೆಲಸವಾಗಿ ಇಳಿಯುತ್ತದೆ.

ಅಂಗಡಿಗಳ ಮುಂದೆ ಒಂದು ದಾರಿ ಇದೆ. ಮೊಬೈಲಿನಲ್ಲಿ ಎಲ್ಲರೂ ಬೆಲೆ ನೋಡಬಲ್ಲ ಸೆನ್ಸರು, ಬೋರ್ಡುಗಳ ಮೇಲೆ ಲಾಭ ಹುಡುಕುವುದನ್ನು ಬಿಟ್ಟು, ವಾರಕ್ಕೊಮ್ಮೆ ಎಲ್ಲರ ಪಟ್ಟಿ ಸೇರಿಸಿ ತಾವೇ ಒಟ್ಟಿಗೆ ತರಿಸಿಕೊಡುವುದು. ಮೇಲಿನ ಲೆಕ್ಕವನ್ನೇ ಹಿಡಿದರೆ ಹತ್ತು ಸೆನ್ಸರಿಗೆ 827. ತಲಾ 20 ರೂಪಾಯಿ ಕೂಲಿ ಸೇರಿಸಿದರೂ, ತೆರಿಗೆಯಲ್ಲಿ ಅಷ್ಟಿಷ್ಟು ಹೆಚ್ಚುಕಡಿಮೆಯಾದರೂ, ಒಂದಕ್ಕೆ ಸುಮಾರು 103 ರೂಪಾಯಿ. ಒಂದೇ ಸೆನ್ಸರ್ ಬೇಕಾದ ವಿದ್ಯಾರ್ಥಿಗೆ ಅಂಗಡಿಯ 120 ಮತ್ತು ಆನ್‌ಲೈನಿನ 137, ಎರಡಕ್ಕಿಂತಲೂ ಇದು ಕಡಿಮೆ. ಅಂಗಡಿಗೆ 37ರ ಬದಲು 20 ಸಿಗುತ್ತದೆ, ಆದರೆ ಬಂಡವಾಳ ಹೂಡಬೇಕಿಲ್ಲ, ಉಳಿದುಹೋಗುವ ಭಯವಿಲ್ಲ. ರಿಲೇ, ರೆಸಿಸ್ಟರ್, ಫ್ಯಾನ್ ಕೆಪಾಸಿಟರಿಗೆ ಈ ಉಪಾಯ ನಡೆಯದು. ಅವು ಕೇಳಿದ ದಿನವೇ ಸಿಗಬೇಕಾದವು. ಅವುಗಳ ಬೆಲೆ ಆನ್‌ಲೈನಿಗಿಂತ ಎರಡು ಪಟ್ಟೋ ಇನ್ನೂ ಹೆಚ್ಚೋ ಇರುತ್ತದೆ, ಅದನ್ನು ಒಂದು ಹಲಗೆಯ ಮೇಲೆ ಬರೆದು, ಎಲ್ಲರಿಗೂ ಅದೇ ದರಕ್ಕೆ ಮಾರಿದರೆ ತಕರಾರು ಮಾಡುವವರು ಕಡಿಮೆಯಾಗುತ್ತಾರೆ.